ಅಳಲು ಕಲಿಸಿದ ನುಡಿ

ಇಂಗ್ಲಿಷಿನಿಂದ ಬಂದು ಕನ್ನಡದಲ್ಲಿ ಬೇರೂರಿದ ಮಾತುಗಳನ್ನು ಒಂದು ಕಡೆ ಕೂಡಿಹಾಕಿ ನೋಡಿದರೆ, ಅವು ಯಾವ ಬಾಗಿಲಿನಿಂದ ಒಳಹೊಕ್ಕವೆಂಬುದು ತಾನಾಗಿ ತಿಳಿಯುತ್ತದೆ. ಕೋರ್ಟು, ಸಮನ್ಸು, ನೋಟೀಸು, ಅಪೀಲು, ಪೊಲೀಸು, ರೈಲು, ಟಿಕೀಟು, ಆಫೀಸು, ಪೆನ್ಷನ್ನು ಮುಂತಾಗಿ ನ್ಯಾಯಸ್ಥಾನಕ್ಕೂ ಕಚೇರಿಗೂ ಪ್ರಯಾಣಕ್ಕೂ ಸೇರಿದ ಈ ಶಬ್ದಗಳು ಕೊನೆಗೊಂದು ಉಕಾರವನ್ನು ತೊಟ್ಟು, ವಿಭಕ್ತಿಪ್ರತ್ಯಯಗಳನ್ನು ಹೊತ್ತು, ಇಂಗ್ಲಿಷಿನ ಒಂದಕ್ಷರವನ್ನೂ ಅರಿಯದ ರೈತನ ಬಾಯಲ್ಲಿಯೂ ಸಲೀಸಾಗಿ ಓಡಾಡತೊಡಗಿ ಬಹುಕಾಲವಾಯಿತು. ಅದೇ ಕಾಲದಲ್ಲಿ ಅದೇ ಭಾಷೆಯನ್ನು ಕಲಿಯುತ್ತಿದ್ದ ನಮ್ಮ ವಿದ್ಯಾರ್ಥಿಗಳು ಇನ್ನೊಂದು ಬಗೆಯ ಮಾತುಗಳನ್ನೂ ಕಲಿತರು. ಅವು ಅಗಲಿಕೆಯ ಮಾತುಗಳು, ಕೈಗೂಡದ ಪ್ರೇಮದ ಮಾತುಗಳು, ಮರಳಿ ಬಾರದವರಿಗಾಗಿ ಹಂಬಲಿಸುವ ಮಾತುಗಳು. ಕಚೇರಿಯ ಶಬ್ದಗಳನ್ನು ಹೊಟ್ಟೆಯ ಪಾಡಿಗಾಗಿ ಕಲಿತವರು ಈ ಶಬ್ದಗಳನ್ನು ಒಲಿದು ಕಲಿತರು, ಕಂಠಪಾಠ ಮಾಡಿದರು, ಮುಪ್ಪಿನಲ್ಲಿಯೂ ಮರೆಯಲಿಲ್ಲ. ಹಾಗಿದ್ದರೂ ಅವುಗಳಲ್ಲಿ ಒಂದಾದರೂ ಅಂದಿನ ಕನ್ನಡದ ಮನೆಮಾತಿಗೆ ಇಳಿಯಲಿಲ್ಲ. ಕಲಿತವರ ಅಂತರಂಗವನ್ನು ಅಷ್ಟು ಆಳವಾಗಿ ಮುಟ್ಟಿದ ಆ ಶಬ್ದಗಳು ಎಲ್ಲಿ ಹೋದುವು, ಏನಾದುವು ಎಂಬ ಪ್ರಶ್ನೆಯನ್ನು ಹಿಡಿದು ಹೊರಟರೆ, ಆ ದಾರಿ ನಮ್ಮನ್ನು ಹೊಸಗನ್ನಡ ಕವಿತೆಯ ಹೊಸ್ತಿಲಿಗೆ ತಂದು ನಿಲ್ಲಿಸುತ್ತದೆ.

ಕನ್ನಡ ನಾಡಿನಲ್ಲಿ ಇಂಗ್ಲಿಷ್ ವಿದ್ಯೆಯ ಆರಂಭವನ್ನು ಸಂಕ್ಷೇಪವಾಗಿ ಹೇಳಬಹುದು. 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಒಂದು ಇಂಗ್ಲಿಷ್ ಪಾಠಶಾಲೆಯನ್ನು ಸ್ಥಾಪಿಸಿದರು. ಅದೇ ಬೆಳೆದು ಮಹಾರಾಜಾ ಕಾಲೇಜಾಯಿತು. ಮರುವರ್ಷ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿಳಿದರು. 1835ರ ಫೆಬ್ರವರಿಯಲ್ಲಿ, ಇಂಗ್ಲಿಷ್ ವಿದ್ಯೆಯನ್ನು ಎತ್ತಿಹಿಡಿದ ಮೆಕಾಲೆಯ ಟಿಪ್ಪಣಿ ಹೊರಟಿತು. 1857ರಲ್ಲಿ ಮದರಾಸು, ಮುಂಬಯಿ ವಿಶ್ವವಿದ್ಯಾನಿಲಯಗಳು ಹುಟ್ಟಿದುವು. ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರಲ್ಲಿ ಮೈಸೂರು, ಬಳ್ಳಾರಿ, ಮಂಗಳೂರುಗಳವರು ಮದರಾಸಿನ ಪರೀಕ್ಷೆಗಳಿಗೂ, ಧಾರವಾಡ, ಬೆಳಗಾವಿ, ಬಿಜಾಪುರಗಳವರು ಮುಂಬಯಿಯ ಪರೀಕ್ಷೆಗಳಿಗೂ ಓದಿದರು. 1916ರಲ್ಲಿ ಮೈಸೂರಿಗೆ ತನ್ನದೇ ಆದ ವಿಶ್ವವಿದ್ಯಾನಿಲಯ ಬಂದಿತು. ಈ ಎಂಬತ್ತು ವರ್ಷಗಳುದ್ದಕ್ಕೂ ಇಂಗ್ಲಿಷನ್ನು ಕಲಿತವನ ಕಣ್ಣಮುಂದೆ ಇದ್ದುದು ಪ್ರಾಯಶಃ ಸರ್ಕಾರದ ಒಂದು ಹುದ್ದೆ. ಅವನು ಮೊದಲು ಕಾಗುಣಿತದಂತೆ ಸ್ಪೆಲಿಂಗನ್ನು ಉರುಹಾಕಿದನು. ಆಮೇಲೆ ವ್ಯಾಕರಣದ ಸೂತ್ರಗಳನ್ನು. ಆಮೇಲೆ ಡಿಕ್ಷನರಿಯಿಂದ ಕಠಿಣ ಪದಗಳ ಅರ್ಥಗಳನ್ನು. ಮನವಿ ಬರೆಯಲು, ವರದಿ ಒಪ್ಪಿಸಲು, ಆಜ್ಞೆಯನ್ನು ಪಾಲಿಸಲು ಬೇಕಾದ ದೀರ್ಘವಾದ, ಗಂಭೀರವಾದ, ಲ್ಯಾಟಿನ್ ಮೂಲದ ಶಬ್ದಗಳು ಅವನಿಗೆ ಬೇಗ ವಶವಾದುವು. ಆದರೆ ಆ ಭಾಷೆಯನ್ನಾಡುವ ತಾಯಿ ಮಗುವನ್ನು ಹೇಗೆ ಕರೆಯುತ್ತಾಳೆ, ಒಲಿದವರು ಅಗಲುವಾಗ ಏನೆಂದುಕೊಳ್ಳುತ್ತಾರೆ, ಮುದುಕನೊಬ್ಬನು ಸತ್ತ ಗೆಳೆಯರನ್ನು ಯಾವ ಮಾತಿನಲ್ಲಿ ನೆನೆಯುತ್ತಾನೆ ಎಂಬುದನ್ನು ಅವನು ತಿಳಿಯಲು ಮಾರ್ಗವಿರಲಿಲ್ಲ. ಇಂಗ್ಲಿಷಿಗೆ ನಮ್ಮಲ್ಲಿ ಕಚೇರಿಯಿತ್ತು, ಮನೆಯಿರಲಿಲ್ಲ.

ಆ ಮನೆಯೊಳಗಿನ ಮಾತನ್ನು ತಂದುಕೊಟ್ಟದ್ದು ಒಂದು ಚಿಕ್ಕ ಪುಸ್ತಕ. ಫ್ರಾನ್ಸಿಸ್ ಟರ್ನರ್ ಪಾಲ್‌ಗ್ರೇವ್ ಎಂಬ, ಇಂಗ್ಲೆಂಡಿನ ವಿದ್ಯಾ ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ರಸಿಕನು 1860ರಲ್ಲಿ ಕಾರ್ನ್‌ವಾಲ್ ಸೀಮೆಯ ಕಡಲ ತೀರದಲ್ಲಿ ಕವಿ ಟೆನಿಸನ್ನನೊಡನೆ ಕಾಲ್ನಡಿಗೆಯಲ್ಲಿ ಸಂಚರಿಸುತ್ತಿದ್ದಾಗ, ಇಂಗ್ಲಿಷಿನ ಉತ್ತಮ ಭಾವಗೀತೆಗಳನ್ನೆಲ್ಲ ಆರಿಸಿ ಒಂದೆಡೆ ಸೇರಿಸಬೇಕೆಂಬ ಸಂಕಲ್ಪವನ್ನು ಮಾಡಿ, ಟೆನಿಸನ್ನನ ಸಲಹೆಯನ್ನು ಪಡೆದು, ಮರುವರ್ಷವೇ ‘ಗೋಲ್ಡನ್ ಟ್ರೆಷರಿ’ಯನ್ನು ಹೊರತಂದನು. ಬದುಕಿದ್ದ ಕವಿಗಳನ್ನು ಅವನು ಸೇರಿಸಲಿಲ್ಲ. ಗೀತಗಳನ್ನು ನಾಲ್ಕು ಭಾಗಗಳಾಗಿ ವಿಂಗಡಿಸಿದನಾದರೂ, ಒಂದೊಂದು ಭಾಗದೊಳಗೆ ಅವನು ಅನುಸರಿಸಿದ್ದು ಕಾಲಕ್ರಮವನ್ನಲ್ಲ, ಭಾವಗಳ ಏರಿಳಿತವನ್ನು. ಆದುದರಿಂದ ಒಲವಿನ ಹಾಡಿನ ಮಗ್ಗುಲಿಗೇ ಅಗಲಿಕೆಯ ಹಾಡು, ಅದರ ಮಗ್ಗುಲಿಗೆ ಚರಮಗೀತೆ ಬಂದು ನಿಂತುವು. ಮೊದಲ ಮುದ್ರಣದಲ್ಲಿದ್ದ 288 ಗೀತಗಳ ಮಾಲೆ ನ್ಯಾಷನ ವಸಂತಗೀತದಿಂದ ಆರಂಭವಾಗಿ, ಅಡಗಿದ ದನಿಗಳ ನೆನಪನ್ನು ಕುರಿತ ಷೆಲ್ಲಿಯ ಕಿರುಗೀತೆಯೊಂದರಲ್ಲಿ ಮುಗಿಯುತ್ತದೆ. ಈ ಪುಸ್ತಕ ನಮ್ಮ ಕಾಲೇಜುಗಳಿಗೆ ಪಠ್ಯವಾಗಿ ಬಂದಿತು. ಇದರೊಳಗಿನ ಕಥನಗೀತೆಗಳು ಪ್ರೌಢಶಾಲೆಯ ರೀಡರುಗಳಿಗೂ ಇಳಿದುವು. ಪದ್ಯವನ್ನು ಗದ್ಯಕ್ಕೆ ತಿರುಗಿಸಿ ಬರೆಯುವುದು, ಸಂದರ್ಭ ಸಹಿತ ವಿವರಿಸುವುದು, ಕ್ಲಿಷ್ಟ ಪದಗಳಿಗೆ ಅರ್ಥ ಹೇಳುವುದು ಎಂಬ ಪರೀಕ್ಷೆಯ ಕ್ರಮಗಳು ಈ ಹಾಡುಗಳಿಗೂ ತಪ್ಪಲಿಲ್ಲ. ಹಾಗಾದರೂ ಹಾಡು ಪರೀಕ್ಷೆಯನ್ನು ಮೀರಿ ಉಳಿಯಿತು.

ಏಕೆ ಉಳಿಯಿತೆಂಬುದಕ್ಕೆ ಕಾರಣವನ್ನು ಆ ಹಾಡುಗಳ ಶಬ್ದಸಂಪತ್ತಿನಲ್ಲಿಯೇ ಹುಡುಕಬೇಕು. ದುಃಖವು ದೀರ್ಘವಾದ ಮಾತುಗಳನ್ನು ಸಹಿಸುವುದಿಲ್ಲ. ವರ್ಡ್ಸ್‌ವರ್ತನು ಲೂಸಿ ಎಂಬ ಅಜ್ಞಾತ ಕನ್ಯೆಯನ್ನು ಕುರಿತು ಬರೆದ ಕಿರುಗೀತೆಗಳಲ್ಲಿ ಬಹುಪಾಲು ಒಂದೆರಡು ಉಚ್ಚಾರಾಂಶಗಳ ಪದಗಳೇ ಇವೆ. ಬರ್ನ್ಸ್ ಕವಿ ತನ್ನ ನಲ್ಲೆಯ ಸಾವನ್ನು ಹಾಡುವಾಗಲೂ, ಬೈರನ್ನನು ಬೇರ್ಪಟ್ಟ ಪ್ರೇಮವನ್ನು ನೆನೆಯುವಾಗಲೂ ಹಾಗೆಯೇ. ಲ್ಯಾಟಿನ್ನು ಫ್ರೆಂಚುಗಳಿಂದ ಇಂಗ್ಲಿಷು ಪಡೆದ ಪದಭಂಡಾರ ಶಾಸ್ತ್ರಕ್ಕೂ ಶಾಸನಕ್ಕೂ ಒದಗಿದರೆ, ಅಳುವವರ ಬಾಯಿಗೆ ಬರುವುದು ಆ ದ್ವೀಪದ ಹಳೆಯ ಮನೆಗಳಲ್ಲಿ ಹುಟ್ಟಿದ ಚಿಕ್ಕ ಮಾತು. ಹೀಗೆ ಅಳಲಿನ ಗೀತೆಯೊಂದನ್ನು ಬಾಯಿಪಾಠ ಮಾಡಿದ ಹುಡುಗನಿಗೆ, ತಾನು ಅರಿಯದಂತೆಯೇ, ಆ ಭಾಷೆಯ ಬೇರುಗಳು ಕೈಗೆ ಸಿಕ್ಕಿದುವು. ಅರ್ಥವನ್ನು ಡಿಕ್ಷನರಿಯಿಂದ ತಿಳಿಯಬೇಕಾದ ಕಷ್ಟವೂ ಅವನಿಗೆ ಅಷ್ಟಾಗಿ ಇರಲಿಲ್ಲ. ಕಥೆಯ ಸನ್ನಿವೇಶವೇ ಅರ್ಥವನ್ನು ಬಿಡಿಸಿ ಹೇಳುತ್ತಿತ್ತು. ಕಥನಗೀತೆಯೊಂದರಲ್ಲಿ ಹುಡುಗಿ ನೀರಿನಲ್ಲಿ ಮುಳುಗುವಾಗ ದಡದಲ್ಲಿ ನಿಂತ ತಂದೆ ಮಾಡುವುದೇನೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ; ಅಲ್ಲಿ ಬರುವ ಕ್ರಿಯಾಪದ ಎಷ್ಟೇ ಹೊಸದಾಗಿರಲಿ, ಅದು ಗೋಳಾಟವಲ್ಲದೆ ಮತ್ತೇನೂ ಆಗಿರಲಾರದು. ಅನುಭವ ಮೊದಲು, ಶಬ್ದ ಅನಂತರ. ತಾಯ್ನುಡಿಯನ್ನು ಶಿಶು ಕಲಿಯುವ ಕ್ರಮವಿದು. ಅನ್ಯ ನುಡಿಯನ್ನು ಈ ಕ್ರಮದಿಂದ ಕಲಿಸಬಲ್ಲ ಶಕ್ತಿ ಶೋಕಗೀತೆಗೆ ಇತ್ತು.

ಆ ಚಿಕ್ಕ ಮಾತುಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದರೆ ಅವುಗಳ ಒಳಗೆ ಮನುಷ್ಯನ ಬಾಳು ಕಾಣುತ್ತದೆ. ‘ಸ್ಯಾಡ್’ ಎಂಬ ಪದಕ್ಕೆ ಇಂದು ದುಃಖಿತನೆಂಬ ಅರ್ಥವಿದೆಯಷ್ಟೆ. ಅದರ ಪೂರ್ವಾರ್ಥ ತುಂಬಿದವನು, ತಣಿದವನು ಎಂದು. ತುಂಬಿದ್ದು ಭಾರವಾಯಿತು, ಭಾರವಾದದ್ದು ಶೋಕವಾಯಿತು. ‘ಗ್ರೀಫ್’ ಎಂಬುದು ಮಾತ್ರ ಲ್ಯಾಟಿನ್ನಿನ ‘ಗ್ರಾವಿಸ್’ ಎಂಬ, ಭಾರವೆಂಬರ್ಥದ ಪದದಿಂದ ಬಂದುದು. ಆ ‘ಗ್ರಾವಿಸ್’ ನಮ್ಮ ಸಂಸ್ಕೃತದ ‘ಗುರು’ ಶಬ್ದದ ದಾಯಾದಿ. ಎದೆ ಭಾರವಾಯಿತೆಂದು ನಾವು ಕನ್ನಡದಲ್ಲಿ ಹೇಳುವುದೂ ಇದೇ ತಕ್ಕಡಿಯಲ್ಲಿ ತೂಗಿದ ಮಾತು. ‘ಬಿರೆಫ್ಟ್’ ಎಂದರೆ ಆಪ್ತರನ್ನು ಕಳೆದುಕೊಂಡವನು. ಮೂಲಾರ್ಥದಲ್ಲಿ ಅವನು ಕೊಳ್ಳೆಹೋದವನು, ಸುಲಿಗೆಗೆ ಸಿಕ್ಕಿದವನು. ‘ಫರ್ಲಾರ್ನ್’ ಎಂದರೆ ಸಂಪೂರ್ಣವಾಗಿ ಕಳೆದುಹೋದವನು. ‘ಅಲೋನ್’ ಎಂಬುದು ‘ಆಲ್’, ‘ಒನ್’ ಎಂಬ ಎರಡು ಪದಗಳ ಕೂಡಿಕೆ. ಒಂದೆಂಬ ಸಂಖ್ಯೆಯಿಂದಲೇ ಅವರ ಏಕಾಕಿತನ ಹುಟ್ಟಿತು, ನಮ್ಮ ‘ಒಂಟಿ’ಯೂ ‘ಒಂದ’ರಿಂದಲೇ ಹುಟ್ಟಿತು. ‘ವಿಡೋ’ ಎಂಬ ಪದವಂತೂ ‘ವಿಧವೆ’ಯ ಒಡಹುಟ್ಟು, 1786ರಲ್ಲಿ ಸರ್ ವಿಲಿಯಂ ಜೋನ್ಸನು ಕಲ್ಕತ್ತೆಯಲ್ಲಿ ಸಾರಿದ ಭಾಷಾಬಾಂಧವ್ಯದ ಸಾಕ್ಷಿಗಳಲ್ಲಿ ಇಷ್ಟು ಮರುಕ ಹುಟ್ಟಿಸುವ ಸಾಕ್ಷಿ ಬೇರೊಂದಿಲ್ಲ.

ಇನ್ನು ‘ಫೇರ್‌ವೆಲ್’. ಇದರ ಅಕ್ಷರಾರ್ಥ, ಚೆನ್ನಾಗಿ ಪಯಣಿಸು ಎಂದು. ಪಯಣದ ಹಾರೈಕೆ ಇಲ್ಲಿದೆ. ಮರಳಿ ಬರುವ ಮಾತಿಲ್ಲ. ಕನ್ನಡದಲ್ಲಾದರೋ ಮನೆ ಬಿಟ್ಟು ಹೊರಡುವವನು ‘ಹೋಗುತ್ತೇನೆ’ ಎಂದರೆ ಹಿರಿಯರು ತಡೆದು ತಿದ್ದುತ್ತಾರೆ. ‘ಹೋಗಿ ಬರುತ್ತೇನೆ’ ಎನ್ನಬೇಕು. ಕಳುಹಿಸುವವರೂ ‘ಹೋಗಿ ಬಾ’ ಎನ್ನಬೇಕು. ಹಿಂದಿರುಗುವ ಭರವಸೆಯಿಲ್ಲದೆ ವಿದಾಯವನ್ನೇ ಹೇಳಲಾಗದ ಭಾಷೆ ನಮ್ಮದು. ಇನ್ನೆಂದಿಗೂ ಕೂಡಲಾರದ ಪ್ರೇಮಿಗಳ ಅಗಲಿಕೆಯ ಹಾಡು ಈ ಭಾಷೆಯನ್ನಾಡುವ ವಿದ್ಯಾರ್ಥಿಯ ಮುಂದೆ ಬಂದಾಗ ಅವನು ಶಬ್ದಾರ್ಥದ ಬಳಿ ನಿಂತು ಯೋಚಿಸಲೇಬೇಕಾಯಿತು. ಹಾಗೆಯೇ ‘ಹಾರ್ಟ್’ ಎಂಬ ಪದ. ಅದು ‘ಹೃದಯ’ದ ಜ್ಞಾತಿಯೇ ಆದುದರಿಂದ ಪರೀಕ್ಷೆಯಲ್ಲಿ ‘ಹೃದಯ’ವೆಂದು ಬರೆದರೆ ಸಾಕಾಗಿತ್ತು. ಆದರೆ ಆ ನಾಡಿನವರಿಗೆ ಪ್ರೇಮಭಂಗದಲ್ಲಿ ಹೃದಯ ಒಡೆಯುತ್ತದೆ. ನಮ್ಮಲ್ಲಿ ಎದೆಯೊಡೆಯುವುದು ಭಯದಿಂದ, ಆಘಾತದಿಂದ. ಮನಸ್ಸು ಮುರಿದರೆ ವೈಮನಸ್ಯ. ನಿಜವಾದ ಅಳಲು ನಮ್ಮವರಿಗೆ ಕಾಣಿಸಿಕೊಳ್ಳುವ ಸ್ಥಳ ಇನ್ನೂ ಕೆಳಗೆ: ಕರುಳು ಕಿತ್ತು ಬರುತ್ತದೆ, ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಒಡಲು ಉರಿಯುತ್ತದೆ. ‘ಹಾರ್ಟ್’ ಎಂಬುದಕ್ಕೆ ಎದೆಯೋ ಕರುಳೋ ಎಂದು ಯಾವ ಹುಡುಗ ತನ್ನೊಳಗೆ ಕೇಳಿಕೊಂಡನೋ, ಅವನು ಆ ಹೊತ್ತಿಗೆ ಇಂಗ್ಲಿಷಿನ ಪಾಠವನ್ನು ದಾಟಿ ಕನ್ನಡದ ಪಾಠಕ್ಕೆ ಬಂದಿದ್ದನು.

ಆ ಹಾಡುಗಳ ಕಥೆಗಳೂ ಇಲ್ಲಿನವರಿಗೆ ಅಪರಿಚಿತವೆನಿಸಲಿಲ್ಲ. ‘ಆಲ್ಡ್ ರಾಬಿನ್ ಗ್ರೇ’ ಎಂಬ ಸ್ಕಾಟ್ಲೆಂಡಿನ ಗೀತೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಜೆನ್ನಿ ಎಂಬ ಬಡ ಹುಡುಗಿಯನ್ನು ಜೇಮಿ ಎಂಬ ತರುಣನು ಒಲಿದು, ಮದುವೆಗೆ ಹಣ ಗಳಿಸಿ ತರಲು ಕಡಲ ಮೇಲೆ ಹೋಗುತ್ತಾನೆ; ಇತ್ತ ತಂದೆಯ ತೋಳು ಮುರಿಯುತ್ತದೆ, ತಾಯಿ ಹಾಸಿಗೆ ಹಿಡಿಯುತ್ತಾಳೆ, ಹಸು ಕಳುವಾಗುತ್ತದೆ; ಮುದುಕ ರಾಬಿನ್ ಗ್ರೇ ಆ ಸಂಸಾರವನ್ನು ಸಾಕಿ, ಕಣ್ಣೀರು ತುಂಬಿಕೊಂಡು ಅವಳ ಕೈ ಬೇಡುತ್ತಾನೆ; ಹಡಗು ಒಡೆಯಿತೆಂಬ ಸುದ್ದಿ ಬಂದ ಮೇಲೆ ಅವಳು ಅವನನ್ನು ವರಿಸುತ್ತಾಳೆ; ಆಮೇಲೆ ಜೇಮಿ ಜೀವಂತನಾಗಿ ಬಾಗಿಲಿಗೆ ಬರುತ್ತಾನೆ. ಇಲ್ಲಿ ದುಷ್ಟರು ಯಾರೂ ಇಲ್ಲ. ಮುದುಕನು ಒಳ್ಳೆಯವನಾದುದೇ ಅವಳ ದುಃಖವನ್ನು ಹೆಚ್ಚಿಸುತ್ತದೆ. ಲೇಡಿ ಆನ್ ಲಿಂಡ್ಸೆ ಎಂಬ ಕುಲೀನ ಯುವತಿ 1772ರ ಸುಮಾರಿಗೆ ಒಂದು ಹಳೆಯ ಮಟ್ಟಿಗೆ ಇದನ್ನು ಕಟ್ಟಿದಳು. ರಾಬಿನ್ ಗ್ರೇ ಎಂಬುದು ಅವಳ ತಂದೆಯ ಸೀಮೆಯಲ್ಲಿದ್ದ ದನಕಾಯುವ ಮುದುಕನೊಬ್ಬನ ಹೆಸರು. ಕಥೆಯ ಹುಡುಗಿಗೆ ಇನ್ನೊಂದು ಕಷ್ಟ ಬೇಕಲ್ಲ ಎಂದು ಅವಳು ಯೋಚಿಸುತ್ತಿರುವಾಗ, ಹಸುವನ್ನು ಕದಿಸಿಬಿಡು ಎಂದು ಸೂಚಿಸಿದವಳು ಅವಳ ಪುಟ್ಟ ತಂಗಿ ಎಲಿಜಬೆತ್. ಐವತ್ತು ವರ್ಷಗಳ ಕಾಲ ತನ್ನ ಹೆಸರನ್ನು ಮರೆಸಿಟ್ಟಿದ್ದ ಆಕೆ 1823ರಲ್ಲಿ ಸರ್ ವಾಲ್ಟರ್ ಸ್ಕಾಟನಿಗೆ ಬರೆದ ಕಾಗದದಲ್ಲಿ ಇದನ್ನೆಲ್ಲ ಹೇಳಿಕೊಂಡಳು. ಹಸು ಹೋದರೆ ಮನೆಯೇ ಹೋದಂತೆ ಎಂಬುದನ್ನು ನಮ್ಮ ಹಳ್ಳಿಯಿಂದ ಬಂದ ವಿದ್ಯಾರ್ಥಿಗೆ ಯಾವ ಟಿಪ್ಪಣಿಯೂ ತಿಳಿಸಬೇಕಾಗಿರಲಿಲ್ಲ. ಅದೇ ಹಾಡಿನಲ್ಲಿ ‘ಗ್ರೀಟ್’ ಎಂಬ ಮಾತು ಬರುತ್ತದೆ. ಶಾಲೆಯಲ್ಲಿ ಅವನು ಕಲಿತಿದ್ದ ಅರ್ಥ ವಂದಿಸುವುದು, ಸ್ವಾಗತಿಸುವುದು. ಸ್ಕಾಟ್ಲೆಂಡಿನ ನುಡಿಯಲ್ಲಿ ಅದರ ಅರ್ಥ ಅಳುವುದು. ಮರಳಿ ಬಂದ ಪ್ರಿಯನೂ ಪರರ ಮಡದಿಯಾದ ಪ್ರಿಯೆಯೂ ಎದುರುಬದುರಾದಾಗ ವಂದಿಸುವುದು ಅಳುವುದೇ ಆಗುತ್ತದೆ ಎಂಬುದನ್ನು ಆ ಒಂದು ಪದ ಅವನಿಗೆ ಎಂದೆಂದಿಗೂ ಮರೆಯದಂತೆ ಕಲಿಸಿತು.

ಥಾಮಸ್ ಕ್ಯಾಂಬೆಲ್ಲನ ‘ಲಾರ್ಡ್ ಅಲಿನ್ಸ್ ಡಾಟರ್’ ಎಂಬ ಗೀತೆಯಲ್ಲಿ, ತಂದೆಯ ಕೋಪಕ್ಕೆ ಹೆದರಿ ನಲ್ಲನೊಡನೆ ಓಡಿಬಂದ ಹುಡುಗಿ ಬಿರುಗಾಳಿಯ ಕಡಲನ್ನು ದಾಟಲು ದೋಣಿಯೇರಿ, ಬೆನ್ನಟ್ಟಿ ಬಂದ ತಂದೆಯ ಕಣ್ಣೆದುರಿಗೇ ಮುಳುಗುತ್ತಾಳೆ. ಅವನ ಕೋಪವೆಲ್ಲ ಗೋಳಾಗುತ್ತದೆ. ಥಾಮಸ್ ಹುಡ್ ಎಂಬ ಕವಿ ಸಾಯುವುದಕ್ಕೆ ಒಂದು ವರ್ಷ ಮೊದಲು, 1844ರಲ್ಲಿ ಪ್ರಕಟಿಸಿದ ‘ಬ್ರಿಜ್ ಆಫ್ ಸೈಸ್’ ಎಂಬ ಗೀತೆಯಲ್ಲಿ, ಲಂಡನ್ನಿನ ಸೇತುವೆಯಿಂದ ಹೊಳೆಗೆ ಬಿದ್ದು ಪ್ರಾಣಬಿಟ್ಟ ಅನಾಥೆಯೊಬ್ಬಳನ್ನು ಮೆಲ್ಲಗೆ ಎತ್ತಿಕೊಳ್ಳಿರೆಂದು, ಅವಳ ತಪ್ಪನ್ನು ಎಣಿಸಬೇಡಿರೆಂದು ಕವಿ ಬೇಡುತ್ತಾನೆ. ಆ ಗೀತೆಯ ಪಾದಗಳು ಅತಿ ಹ್ರಸ್ವ; ಬಿಕ್ಕಳಿಸುವವರ ಉಸಿರಿನಂತೆ ತುಂಡುತುಂಡಾಗಿ ಬೀಳುತ್ತವೆ.

ಅಲಂಕಾರಶಾಸ್ತ್ರವನ್ನು ಬಲ್ಲ ನಮ್ಮ ಪಂಡಿತರಿಗೆ ಈ ಹಾಡುಗಳನ್ನು ಯಾವ ರಸದಲ್ಲಿ ಇಡಬೇಕೆಂಬುದೇ ಒಂದು ಸಮಸ್ಯೆಯಾಗತಕ್ಕುದಾಗಿತ್ತು. ವಿಪ್ರಲಂಭ ಶೃಂಗಾರದಲ್ಲಿ ಅಗಲಿದವರಿಗೆ ಮತ್ತೆ ಕೂಡುವ ಆಸೆಯುಂಟು. ಕರುಣದಲ್ಲಿ ಆಸೆಯಿಲ್ಲ, ಏಕೆಂದರೆ ಅಲ್ಲಿ ಪ್ರಿಯರು ಗತಿಸಿರುತ್ತಾರೆ. ಭರತಮುನಿ ಈ ಎರಡಕ್ಕೂ ಹೇಳಿದ ಭೇದ ಇದೇ: ಒಂದು ಸಾಪೇಕ್ಷ, ಇನ್ನೊಂದು ನಿರಪೇಕ್ಷ. ಆದರೆ ಜೆನ್ನಿಯ ನಲ್ಲನು ಬದುಕಿದ್ದಾನೆ, ಎದುರಿಗೇ ಇದ್ದಾನೆ. ಆಸೆ ಮಾತ್ರ ಸತ್ತಿದೆ. ವಿರಹಕ್ಕೂ ಮರಣಕ್ಕೂ ನಡುವಣ ಈ ನೆಲವನ್ನು ನಮ್ಮ ಹಳೆಯ ಕಾವ್ಯಮಾರ್ಗ ಹೆಚ್ಚಾಗಿ ತುಳಿದಿರಲಿಲ್ಲ. ಇಂಗ್ಲಿಷ್ ಗೀತೆಗಳ ಮೂಲಕ ಈ ನೆಲವನ್ನು ಕಂಡ ತರುಣರಿಗೆ, ಅದನ್ನು ಹೇಳಲು ಚಂಪೂಕಾವ್ಯದ ಪ್ರೌಢಸಮಾಸಗಳೂ ಷಟ್ಪದಿಯ ಪ್ರಾಸನಿಯಮವೂ ಒಗ್ಗುವುದಿಲ್ಲವೆಂಬ ಅರಿವೂ ಜೊತೆಗೇ ಬಂದಿತು.

ಈ ಅರಿವನ್ನು ಕಾರ್ಯಕ್ಕೆ ತಂದವರು ಹಲವರು. ಎಸ್. ಜಿ. ನರಸಿಂಹಾಚಾರ್ಯರು, ಪಂಜೆ ಮಂಗೇಶರಾಯರು ಇಂಗ್ಲಿಷ್ ಪದ್ಯಗಳನ್ನು ಕನ್ನಡಿಸಿದರು. ಹಟ್ಟಿಯಂಗಡಿ ನಾರಾಯಣರಾಯರ ‘ಆಂಗ್ಲ ಕವಿತಾವಳಿ’ 1919ರಲ್ಲಿ ಹೊರಬಂದಿತು. ಆದರೆ ತಾನು ತರಗತಿಯಲ್ಲಿ ಕಲಿಸುತ್ತಿದ್ದ ಹಾಡೇ ತನ್ನ ನುಡಿಗೆ ಹೊಸ ಹುಟ್ಟನ್ನು ಕೊಡಬಲ್ಲುದೆಂದು ನಂಬಿ, ಆ ನಂಬಿಕೆಗೆ ಬಾಳನ್ನು ತೆತ್ತವರು ‘ಶ್ರೀ’ ಎಂಬ ಹೆಸರಿನಿಂದ ಪ್ರಸಿದ್ಧರಾದ ಬಿ. ಎಂ. ಶ್ರೀಕಂಠಯ್ಯನವರು. 1884ರಲ್ಲಿ ಹುಟ್ಟಿದ ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷಿನ ಅಧ್ಯಾಪಕರಾಗಿದ್ದು, 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬ ಭಾಷಣವನ್ನು ಮಾಡಿದರು. ಇಂಗ್ಲಿಷನ್ನು ಬೋಧಿಸಿ ಸಂಬಳ ಪಡೆಯುತ್ತಿದ್ದವರು ಕನ್ನಡವು ತಲೆಯೆತ್ತುವ ಬಗೆಯನ್ನು ಚಿಂತಿಸಿದ್ದು ಆ ಕಾಲಕ್ಕೆ ಸಾಮಾನ್ಯ ಸಂಗತಿಯಲ್ಲ. ಹತ್ತು ವರ್ಷಗಳ ಮೇಲೆ, 1921ರಲ್ಲಿ, ಅವರ ‘ಇಂಗ್ಲಿಷ್ ಗೀತಗಳು’ ಚಿಕ್ಕ ರೂಪದಲ್ಲಿಯೂ, 1926ರಲ್ಲಿ ವಿಸ್ತೃತ ರೂಪದಲ್ಲಿಯೂ ಬೆಳಕು ಕಂಡಿತು. ಪಾಲ್‌ಗ್ರೇವನ ಪುಸ್ತಕದ ಮೊದಲ ಗೀತವಾದ ವಸಂತದ ಹಾಡು ಅದರಲ್ಲಿ ಕನ್ನಡದ ಹಾಡಾಗಿದೆ. ನ್ಯೂಮನ್ನನ ಪ್ರಾರ್ಥನೆ ‘ಕರುಣಾಳು ಬಾ ಬೆಳಕೆ’ ಎಂದಾಗಿ ನಾಡಿನ ಮನೆಮನೆಯ ಪ್ರಾರ್ಥನೆಯಾಯಿತು. ಆದರೆ ಆ ಸಂಗ್ರಹದ ಜೀವಾಳವಿರುವುದು ಅದರ ಅಳಲಿನ ಗೀತೆಗಳಲ್ಲಿ ಎಂದು ನಾನು ತಿಳಿದಿದ್ದೇನೆ.

ಅಲ್ಲಿ ರಾಬಿನ್ ಗ್ರೇ ‘ಮುದಿಯ ರಾಮೇಗೌಡ’ನಾಗಿದ್ದಾನೆ. ರಾಬಿನ್ನಿನ ರಕಾರವೂ ಗ್ರೇ ಎಂಬುದರ ಗಕಾರವೂ ಹೆಸರಿನಲ್ಲಿ ಉಳಿದಿವೆ. ಉಳಿದುದೆಲ್ಲ ನಮ್ಮ ಸೀಮೆಯದು. ಲಾರ್ಡ್ ಅಲಿನ್ ‘ಕಾರಿಹೆಗ್ಗಡೆ’ಯಾಗಿ ಪಡುಗಡಲ ತೀರಕ್ಕೆ ಬಂದಿದ್ದಾನೆ, ನಲ್ಲನು ಗೌಡನಾಗಿದ್ದಾನೆ, ದೋಣಿಯವನು ತೊರೆಯನಾಗಿದ್ದಾನೆ. ಹುಡ್ ಕವಿಯ ಗೀತೆ ‘ದುಃಖಸೇತು’ವಾಗಿದೆ. ‘ಸೈ’ ಎಂಬ ಪದಕ್ಕೆ ಕನ್ನಡದಲ್ಲಿ ‘ನಿಟ್ಟುಸಿರು’ ಎಂಬ ಒಳ್ಳೆಯ ಮಾತುಂಟು. ನಿಡಿದಾದ ಉಸಿರೇ ನಿಟ್ಟುಸಿರು. ಅದನ್ನು ಬಿಟ್ಟು ಶ್ರೀಯವರು ‘ದುಃಖಸೇತು’ ಎಂಬ ಸಂಸ್ಕೃತ ಸಮಾಸವನ್ನು ಹೆಸರಾಗಿ ಆರಿಸಿಕೊಂಡದ್ದು, ಅವರು ಸಂಸ್ಕೃತವನ್ನು ದೂರವಿಟ್ಟವರಲ್ಲ, ಯಾವ ಮಾತು ಎಲ್ಲಿ ಸಲ್ಲುವುದೆಂಬ ತೂಕವನ್ನು ಬಲ್ಲವರು ಎಂಬುದಕ್ಕೆ ನಿದರ್ಶನ. ಹಳೆಯ ಗೆಳೆಯರ ಮುಖಗಳನ್ನು ನೆನೆಯುವ ಚಾರ್ಲ್ಸ್ 
ಲ್ಯಾಂಬನ ಗೀತೆಯೂ ಆ ಸಂಗ್ರಹದಲ್ಲಿ ಸರಳವಾದ ಕನ್ನಡದ ಹೆಸರನ್ನು ಪಡೆದು ‘ಹಳೆಯ ಪಳಕೆಯ ಮುಖಗಳು’ ಎಂದಾಗಿದೆ.

ಶಬ್ದಗಳು ಬದಲಾದುದರ ಜೊತೆಗೆ ಛಂದಸ್ಸೂ ಬದಲಾಯಿತು. ಅಳುವವರ ಉಸಿರಿನ ಗತಿಯನ್ನು ಹಿಡಿಯಬೇಕಾದರೆ ಪಾದ ಎಲ್ಲಿ ಬೇಕೋ ಅಲ್ಲಿ ತುಂಡಾಗಬೇಕು, ಉದ್ದವಾಗಬೇಕು, ಮತ್ತೆ ಕುಗ್ಗಬೇಕು. ಎರಡನೆಯ ಅಕ್ಷರದ ಆದಿಪ್ರಾಸವನ್ನು ಕಡ್ಡಾಯವಾಗಿ ಉಳಿಸಿಕೊಂಡರೆ, ಬಾಯಿಗೆ ಬಂದ ಸಹಜವಾದ ಮಾತು ಪ್ರಾಸಕ್ಕಾಗಿ ಹಿಂದೆ ಸರಿಯಬೇಕಾಗುತ್ತದೆ. ಮಂಜೇಶ್ವರದ ಗೋವಿಂದ ಪೈಗಳು ಅದಾಗಲೇ ಪ್ರಾಸತ್ಯಾಗದ ಧೈರ್ಯವನ್ನು ತೋರಿದ್ದರು. ಶ್ರೀಯವರು ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನು ಬಗೆಬಗೆಯಾಗಿ ಹೊಂದಿಸಿ, ಪಾದಗಳನ್ನು ಒಡೆದು, ಅಂತ್ಯಪ್ರಾಸವನ್ನು ಬೇಕಾದಂತೆ ತಂದು, ಭಾವಕ್ಕೆ ತಕ್ಕ ಪದ್ಯಾಕೃತಿಗಳನ್ನು ನಿರ್ಮಿಸಿದರು. ಈ ಮಾತ್ರಾಗಣಗಳು ಹೊರಗಿನಿಂದ ಬಂದುವಲ್ಲ. ದಾಸರ ಪದಗಳಲ್ಲಿಯೂ ಹಳ್ಳಿಯ ಹಾಡುಗಳಲ್ಲಿಯೂ ಷಟ್ಪದಿ, ರಗಳೆಗಳಲ್ಲಿಯೂ ಅವು ಇದ್ದೇ ಇದ್ದುವು. ಇಂಗ್ಲಿಷ್ ಗೀತೆಯ ಒತ್ತಡದಿಂದ ಅವು ಹೊಸ ಜೋಡಣೆಯನ್ನು ಪಡೆದುವು. ಆ ಸಂಗ್ರಹದ ‘ಕಾಣಿಕೆ’ ಎಂಬ ಪದ್ಯದಲ್ಲಿ ಶ್ರೀಯವರು ತಾವು ಒಲಿದ ಎರಡು ನುಡಿಗಳನ್ನು ಇಬ್ಬರು ಹೆಣ್ಣುಗಳಂತೆ ಭಾವಿಸಿ, ಒಬ್ಬಳ ತೊಡುಗೆಯನ್ನು ಇನ್ನೊಬ್ಬಳಿಗೆ ತೊಡಿಸಿ ನೋಡಬಯಸಿದೆನೆಂಬ ಅರ್ಥದಲ್ಲಿ ಹೇಳಿಕೊಂಡಿದ್ದಾರೆ. ಗುರುವಿನ ಈ ಮಾತಿನಲ್ಲಿ ವಿನಯವಿದೆ. ಆದರೆ ಆಗಿಹೋದದ್ದು ಇನ್ನೂ ಹೆಚ್ಚಿನದು. ಪರರ ತೊಡುಗೆಗಾಗಿ ಮನೆಯ ಪೆಟ್ಟಿಗೆಯನ್ನು ತೆರೆದಾಗ, ಅಲ್ಲಿ ತಲೆಮಾರುಗಳಿಂದ ಮಡಿಸಿಟ್ಟಿದ್ದ ತನ್ನದೇ ಒಡವೆಗಳು ಕನ್ನಡಕ್ಕೆ ಮರಳಿ ದೊರೆತುವು. ಅಗಲಿಕೆ, ಅಳಲು, ಕೊರಗು, ಹಂಬಲ, ಕಂಬನಿ, ಬೇಗುದಿ, ತಬ್ಬಲಿ ಎಂಬ ಮಾತುಗಳು ಹೊಸ ಕವಿತೆಯ ಮೊದಲ ಪಂಕ್ತಿಗೆ ಬಂದು ಕುಳಿತುವು. ಇಂಗ್ಲಿಷಿನ ಚಿಕ್ಕ ಮಾತಿಗೆ ಸಮನಾದ ಚಿಕ್ಕ ಮಾತನ್ನು ಹುಡುಕುತ್ತ ಹೋದವರಿಗೆ ಅದು ಪಂಡಿತರ ನಿಘಂಟಿನಲ್ಲಿ ಸಿಕ್ಕಲಿಲ್ಲ, ಅಡುಗೆಮನೆಯಲ್ಲಿ, ಬೀಸುವ ಕಲ್ಲಿನ ಬಳಿಯಲ್ಲಿ, ತವರಿನಿಂದ ಮಗಳನ್ನು ಕಳುಹಿಸುವ ತಾಯಿಯ ಬಾಯಲ್ಲಿ ಸಿಕ್ಕಿತು.

ಇದರ ಫಲವು ಪದ್ಯಕ್ಕೆ ಮಾತ್ರ ಸೀಮಿತವಾಗಲಿಲ್ಲ. ಆಸೆ ಸತ್ತ ಮೇಲೆಯೂ ಬಾಳಬೇಕಾದ ಮಾನವನ ಘನತೆಯನ್ನು ಆ ಗೀತೆಗಳಲ್ಲಿ ಕಂಡ ಶ್ರೀಯವರೇ, ಗ್ರೀಕರ ನಾಟಕಗಳನ್ನೂ ಅದೇ ಕಣ್ಣಿನಿಂದ ನೋಡಿ, ರನ್ನನ ಕಾವ್ಯದಿಂದ 1926ರಲ್ಲಿ ‘ಗದಾಯುದ್ಧ ನಾಟಕ’ವನ್ನೂ, ಸಾಫೊಕ್ಲಿಸನ ದಾರಿಯಲ್ಲಿ 1929ರಲ್ಲಿ ‘ಅಶ್ವತ್ಥಾಮನ್’ ಎಂಬ ರುದ್ರನಾಟಕವನ್ನೂ, ಈಸ್ಕಿಲಸನಿಂದ 1935ರಲ್ಲಿ ‘ಪಾರಸಿಕರು’ ಎಂಬುದನ್ನೂ ಕನ್ನಡಕ್ಕೆ ಕೊಟ್ಟರು. ಇತ್ತ 1922ರಲ್ಲಿ ಇಂಗ್ಲಿಷ್ ಕವಿತೆಗಳ ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದ್ದ ತರುಣ ಪುಟ್ಟಪ್ಪನವರು, ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರ ಹಿತವಚನದಿಂದ ತಾಯ್ನುಡಿಗೆ ತಿರುಗಿ ಕುವೆಂಪು ಆದರು. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ಗಳನ್ನು ಕೂಡಿಸಿ ಅಚ್ಚು ಹಾಕಿಸಿದರು, ದೂರದ ಸ್ಕಾಟ್ಲೆಂಡಿನ ಹಳ್ಳಿಯ ಹುಡುಗಿಯ ಅಳಲಿನಲ್ಲಿ ಕಾವ್ಯವನ್ನು ಕಂಡಿದ್ದ ವಿದ್ಯಾವಂತರಿಗೆ, ತಮ್ಮ ಊರಿನ ಹೆಣ್ಣುಮಕ್ಕಳು ನಸುಕಿನಲ್ಲಿ ಜೋಳ ಬೀಸುತ್ತ ಹಾಡಿಕೊಳ್ಳುವ ತ್ರಿಪದಿಗಳಲ್ಲಿಯೂ ಅದೇ ಕಾವ್ಯವಿದೆಯೆಂದು ಒಪ್ಪಲು ಆಗ ಕಿವಿ ಸಿದ್ಧವಾಗಿತ್ತು. ‘ಮೈಸೂರ ಮಲ್ಲಿಗೆ’ಯನ್ನು 1942ರಲ್ಲಿ ಕೊಟ್ಟ ಕೆ. ಎಸ್. ನರಸಿಂಹಸ್ವಾಮಿಯವರು ಬರ್ನ್ಸ್ ಕವಿಯ ಪ್ರೇಮಗೀತೆಗಳನ್ನು ಕನ್ನಡಕ್ಕೆ ತಂದುದೂ ಈ ಪರಂಪರೆಯ ಮುಂದುವರಿಕೆಯೇ.

ಮೊದಲು ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಕೋರ್ಟೂ ರೈಲೂ ನಮ್ಮಲ್ಲಿ ಇರಲಿಲ್ಲ. ವಸ್ತುವಿನೊಡನೆ ಹೆಸರೂ ಬಂದಿತು, ಬಂದದ್ದು ನ್ಯಾಯವೇ ಆಯಿತು. ಅಗಲಿಕೆಯ ಅಳಲಾದರೋ ಇಲ್ಲಿ ಮೊದಲಿನಿಂದಲೂ ಇತ್ತು, ಅದಕ್ಕೆ ಮಾತೂ ಇತ್ತು. ಆ ಮಾತಿಗೆ ಕಾವ್ಯದಲ್ಲಿ ಇಂಬು ದೊರೆತಿರಲಿಲ್ಲ. ಇಂಗ್ಲಿಷಿನ ಶೋಕಗೀತೆಯಿಂದ ನಮ್ಮ ಹಿರಿಯರು ನೂರಾರು ಶಬ್ದಗಳನ್ನು ಕಲಿತು, ಒಂದೊಂದಕ್ಕೂ ಒಳಗಿನಿಂದ ಒಂದೊಂದು ಕನ್ನಡದ ಮಾತು ಓಗೊಟ್ಟುದನ್ನು ಕೇಳಿ, ಕೊನೆಗೆ ಆ ಓಗೊಟ್ಟ ಮಾತುಗಳಿಂದಲೇ ಹಾಡು ಕಟ್ಟಿದರು. ಇಂದು ಅನ್ಯ ಭಾಷೆಯನ್ನು ಕಲಿಯುವವರೂ ಕಲಿಸುವವರೂ ಈ ಚರಿತ್ರೆಯನ್ನು ನೆನೆಯುವುದು ಒಳ್ಳೆಯದು. ಬೇರೊಂದು ನುಡಿಯ ವ್ಯವಹಾರವನ್ನು ಬಲ್ಲವನು ಅದರ ಅಂಗಳದಲ್ಲಿ ನಿಂತಿರುತ್ತಾನೆ. ಅದರ ಅಳುವನ್ನು ತಿಳಿದವನನ್ನು ಅದು ಒಳಕ್ಕೆ ಕರೆಯುತ್ತದೆ, ಮತ್ತು ಒಳಕ್ಕೆ ಹೋಗಿ ಬಂದವನಿಗೆ ತನ್ನ ಮನೆ ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ.

ಕನ್ನಡ ಶಾಲೆಗಳ ಪಾಠದ ಪುಸ್ತಕಗಳಿಗೆ ‘ಕಾರಿಹೆಗ್ಗಡೆಯ ಮಗಳು’ ಬಂದ ಮೇಲೆ ಎಷ್ಟೋ ತಲೆಮಾರುಗಳ ಮಕ್ಕಳು ಅದನ್ನು ದನಿಯೆತ್ತಿ ಓದಿದ್ದಾರೆ. ಅದು ಸ್ಕಾಟ್ಲೆಂಡಿನ ಕಡಲೆಂದಾಗಲಿ, ಕ್ಯಾಂಬೆಲ್ಲನೆಂಬ ಕವಿಯ ಹಾಡೆಂದಾಗಲಿ ಅವರಲ್ಲಿ ಅನೇಕರು ಅರಿಯರು. ಅಲೆ ಮೇಲೇರಿ ದೋಣಿ ಮಗುಚುವ ಸಾಲಿಗೆ ಬಂದಾಗ, ಓದುವ ಮಗುವಿನ ದನಿ ಒಂದು ಕ್ಷಣ ತಡವರಿಸುತ್ತದೆ. ಆ ಹುಡುಗಿ ನಮ್ಮ ಪಡುವಣ ತೀರದವಳೇ ಎಂದು ನಂಬಿ ಅದು ಮರುಗುತ್ತದೆ.